ಅಮೆರಿಕದವರೇ ಹೊರಗಿನವರಾಗಿರುವ ಊರಿನಿಂದ

ನಮ್ಮ ಕಡೆ ಯಾರಾದರೂ ಫಾರಿನ್‌ಗೆ ಹೋದರು ಅಂದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಅಮೆರಿಕವೇ. ನಾನು ಜರ್ಮನಿಗೆ ಹೊರಟಾಗಲೂ ಚಿಕ್ಕಪ್ಪ ಕೇಳಿದ್ದು, "ಅಲ್ಲಿಂದ ಅಮೆರಿಕಕ್ಕೆ ಯಾವಾಗ ಹೋಗ್ತೀಯಾ?" ಅಂತ. ಅಮೆರಿಕದವರು ತಮ್ಮ ದೇಶ ಬಿಟ್ಟು ಇನ್ನೆಲ್ಲೋ ಬಾಳಲು ಹೋಗುತ್ತಾರೆ, ಅಲ್ಲಿ ನಮ್ಮ ಹಾಗೇ ಕಕ್ಕಾಬಿಕ್ಕಿಯಾಗುತ್ತಾರೆ ಅನ್ನುವುದು ನಮ್ಮ ಯೋಚನೆಗೇ ಬರುವುದಿಲ್ಲ. ನನಗಂತೂ ಬಂದಿರಲಿಲ್ಲ.

ನಾನಿರುವುದು ಕೈಸರ್ಸ್‌ಲೌಟರ್ನ್ ಎಂಬ ಊರಿನಲ್ಲಿ. ಜರ್ಮನಿಯ ನೈಋತ್ಯಕ್ಕೆ, ಫ್ರಾನ್ಸ್ ಗಡಿಗೆ ಹತ್ತಿರ. ಸುತ್ತ ದೊಡ್ಡ ಕಾಡು. ಊರಿನ ಜನಸಂಖ್ಯೆ ಸುಮಾರು 1 ಲಕ್ಷ. ಇಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಸಾಫ್ಟ್‌ವೇರ್ ಸಂಶೋಧನಾ ಕೇಂದ್ರಗಳಿವೆ. ಹಾಗಾಗಿ ಭಾರತದಿಂದಲೂ ಓದಲು, ಕೆಲಸಕ್ಕೆ ಬರುವವರಿದ್ದಾರೆ. ಆದರೆ ಇಲ್ಲಿನ ಹೊರಗಿನವರಲ್ಲಿ ಎದ್ದು ಕಾಣುವವರು ಅಮೆರಿಕದವರು. ಪಕ್ಕದ ರಾಮ್‌ಸ್ಟೈನ್‌ನಲ್ಲಿ ಅಮೆರಿಕದ ವಾಯುಪಡೆಯ ನೆಲೆಯಿದೆ, ಲಾಂಡ್‌ಸ್ಟೂಲ್‌ನಲ್ಲಿ ಅವರ ಸೇನಾ ಆಸ್ಪತ್ರೆ. ಸೈನಿಕರು, ಸಿಬ್ಬಂದಿ, ಹೆಂಡತಿ ಮಕ್ಕಳು ಎಲ್ಲಾ ಸೇರಿ ಈ ಸುತ್ತಮುತ್ತ ಸುಮಾರು 50,000 ಅಮೆರಿಕನ್ನರು. ಅಮೆರಿಕದ ಹೊರಗೆ ಇಷ್ಟು ದೊಡ್ಡ ಅಮೆರಿಕನ್ ಸೇನಾ ಸಮುದಾಯ ಇನ್ನೆಲ್ಲೂ ಇಲ್ಲ. ಊರಿನ ಹೆಸರು ಉದ್ದವಾಯಿತು ಅಂತ ಅವರು ಇದನ್ನು 'ಕೆ-ಟೌನ್' ಅಂತಾರೆ.

ನೆಲೆಯ ಬೇಲಿಯೊಳಗೇ ಇರುವವರಿಗೆ ಅಷ್ಟೇನೂ ಕಷ್ಟವಿಲ್ಲ. ಒಳಗೆ ಡಾಲರ್ ನಡೆಯುತ್ತದೆ. ಅವರದೇ ಶಾಲೆ, ಅವರದೇ ಮಾಲ್. ಸುಮ್ನೆ ಮೂರು ವರ್ಷ ಕಳೆದು, ಜರ್ಮನಿಯನ್ನು ಕಾರಿನ ಕಿಟಕಿಯಿಂದ ನೋಡಿಕೊಂಡು ಊರಿಗೆ ಮರಳಬಹುದು. ನಾನು ಬರೆಯಲು ಹೊರಟಿರುವುದು ಅವರ ಬಗ್ಗೆ ಅಲ್ಲ. ಬೇಲಿ ದಾಟಿ, ಹಳ್ಳಿಗಳಲ್ಲಿ ಬಾಡಿಗೆ ಮನೆ ಹಿಡಿದು, ಸೇನೆ ಬಿಟ್ಟ ಮೇಲೂ ಇಲ್ಲೇ ಉಳಿದವರಿದ್ದಾರಲ್ಲ, ಅವರ ಬಗ್ಗೆ.

ನಮ್ಮ ಎದುರು ಮನೆಯವರು ಅಮೆರಿಕದ ಒಹಾಯೋ ರಾಜ್ಯದವರು. ಗಂಡ ವಾಯುಪಡೆಯಲ್ಲಿ ತಂತ್ರಜ್ಞನಾಗಿದ್ದವನು, ಈಗ ನಮ್ಮ ಕಂಪನಿಯಲ್ಲೇ ಕೆಲಸ. ಹೆಂಡತಿ ಇಲ್ಲಿನ ಶಿಶುವಿಹಾರದಲ್ಲಿ ಸಹಾಯಕಿ. ಬಂದ ಹೊಸದರಲ್ಲಿ ಅವನು ಒಂದು ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ಹಚ್ಚಿದ. ಎರಡು ಮನೆ ಆಚೆಯ ಅಜ್ಜಿ ಬಂದು, ಭಾನುವಾರ ಸದ್ದು ಮಾಡುವ ಹಾಗಿಲ್ಲ ಅಂತ ನೇರವಾಗಿ ಹೇಳಿದರು. ಅವನಿಗೆ ಸಿಟ್ಟು ಬಂತು. ನನ್ನ ಅಂಗಳ, ನನ್ನ ಯಂತ್ರ, ಕೇಳೋಕೆ ಇವರು ಯಾರು ಅಂತ. ಮಧ್ಯಾಹ್ನ ಹಾಲು ತರಲು ಹೋದರೆ ಅಂಗಡಿಗಳಿಗೆಲ್ಲ ಬಾಗಿಲು. ಭಾನುವಾರದ ಈ ವಿಶ್ರಾಂತಿ 1919ರ ಸಂವಿಧಾನದಲ್ಲೇ ಇತ್ತು. 1949ರ ಸಂವಿಧಾನ ಆ ಮಾತನ್ನು ಹಾಗೇ ಉಳಿಸಿಕೊಂಡಿದೆ.

ಮನಸ್ಸು ಮೊದಲು ಬದಲಾದದ್ದು ಅವನ ಹೆಂಡತಿಗೆ. ಕಾಲೇಜು ದಿನಗಳಲ್ಲಿ ಅವರು ಸೂಪರ್‌ಮಾರ್ಕೆಟ್ ಒಂದರ ಕೌಂಟರ್‌ನಲ್ಲಿ ಕೆಲಸ ಮಾಡುತ್ತಿದ್ದರಂತೆ. ಪ್ರತಿ ಭಾನುವಾರವೂ ಡ್ಯೂಟಿ. "ನನಗೂ ಒಂದು ಭಾನುವಾರ ಸಿಗಬಹುದಿತ್ತು ಅಂತ ನಾನು ಯಾವತ್ತೂ ಯೋಚಿಸಿರಲೇ ಇಲ್ಲ" ಅಂದರು. ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಬೇರೆ ದೇಶದ ಊಟಕ್ಕೆ, ಚಳಿಗೆ, ಭಾಷೆಗೆ ಮನುಷ್ಯ ಹೇಗೋ ಒಗ್ಗಿಕೊಳ್ಳುತ್ತಾನೆ. ಪ್ರಪಂಚ ಇರುವುದೇ ಹೀಗೆ ಅಂತ ತಾನು ನಂಬಿಕೊಂಡದ್ದು ಯಾರೋ ಕೂತು ಮಾಡಿದ ತೀರ್ಮಾನ, ಬೇರೆ ಥರವೂ ಮಾಡಬಹುದಿತ್ತು ಅಂತ ತಿಳಿದಾಗ ಮಾತ್ರ ಒಳಗೆಲ್ಲೋ ಅಲುಗಾಡುತ್ತದೆ.

ಕಾಯಿಲೆ, ರಜೆಗಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಆ ಒಹಾಯೋದ ಗೆಳೆಯ ಒಮ್ಮೆ ಜ್ವರ ಇಟ್ಟುಕೊಂಡೇ ಆಫೀಸಿಗೆ ಬಂದ. ನಮ್ಮ ಮೇಲಧಿಕಾರಿ ನೋಡಿದವರೇ ಮನೆಗೆ ಕಳಿಸಿದರು. ಅವನು ಕೇಳಿದ, "ನನಗೆ ವರ್ಷಕ್ಕೆ ಎಷ್ಟು ಸಿಕ್ ಲೀವ್ ಇದೆ?" ಅವರಿಗೆ ಆ ಪ್ರಶ್ನೆಯೇ ಸರಿಯಾಗಿ ಅರ್ಥವಾಗಲಿಲ್ಲ. ಇಲ್ಲಿ ಅದನ್ನು ಕೋಟಾದ ಹಾಗೆ ಎಣಿಸುವುದಿಲ್ಲ. ಒಂದು ಕಾಯಿಲೆಗೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು. ಅದಕ್ಕೂ ಮೀರಿದರೆ ಆರೋಗ್ಯ ವಿಮೆಯಿಂದ ಸಂಬಳದ ಒಂದು ದೊಡ್ಡ ಪಾಲು ಬರುತ್ತದೆ. ರಜೆಯಲ್ಲಿದ್ದಾಗ ಹುಷಾರು ತಪ್ಪಿದರೂ ಅಷ್ಟೇ. ವೈದ್ಯರ ಚೀಟಿ ಕೊಟ್ಟರೆ ಆ ದಿನಗಳ ರಜೆ ನಿಮಗೆ ವಾಪಸ್. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 20 ದಿನ ಸಂಬಳದ ರಜೆ ಕೊಡಲೇಬೇಕು ಅನ್ನುವುದು ಕಾನೂನು. ಬಹಳ ಕಂಪನಿಗಳು 30ರ ಹತ್ತಿರ ಕೊಡುತ್ತವೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಇಂಥ ಕಾನೂನೇ ಇಲ್ಲ. ರಜೆ ಕೊಡುವುದು ಬಿಡುವುದು ಹೆಚ್ಚಾಗಿ ಮಾಲೀಕರಿಗೆ ಬಿಟ್ಟದ್ದು. ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ.

ಆಮೇಲೆ ಅವರಿಗೆ ಎರಡನೇ ಮಗು ಹುಟ್ಟಿತು. ಇಲ್ಲಿನ ಆಸ್ಪತ್ರೆಯಲ್ಲೇ ಹೆರಿಗೆ. ಮನೆಗೆ ಬಂದ ಮೇಲೆ ಇವನು ದಿನಾ ಅಂಚೆ ಡಬ್ಬಿ ನೋಡುತ್ತಿದ್ದ, ಬಿಲ್ಲು ಬರುತ್ತದೆ ಅಂತ. ಅದಕ್ಕೆಂದೇ ಹಣ ಎತ್ತಿಟ್ಟಿದ್ದ. ಬಿಲ್ಲು ಬರಲೇ ಇಲ್ಲ. ಬಂದದ್ದು ಸೂಲಗಿತ್ತಿ. ಹೆರಿಗೆಯಾದ ಮೇಲೆ ಮೊದಲ ವಾರಗಳಲ್ಲಿ ತರಬೇತಿ ಪಡೆದ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡಿಕೊಳ್ಳುತ್ತಾರೆ, ಖರ್ಚು ವಿಮೆಯದು. ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದೆ. "ಬಾಣಂತನಕ್ಕೆ ಮನೆಗೇ ಜನ ಕಳಿಸ್ತಾರಾ! ಅಮೆರಿಕದಲ್ಲೂ ಹಾಗೇನಾ?" ಅಂತ ಕೇಳಿದರು. ಅಲ್ಲ ಅಮ್ಮ, ಅಲ್ಲಿ 1993ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದ ರಜೆ. 50ಕ್ಕಿಂತ ಕಡಿಮೆ ಜನ ದುಡಿಯುವ ಖಾಸಗಿ ಕಂಪನಿಯಾದರೆ ಅದೂ ಇಲ್ಲ. ಇಲ್ಲಿ ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ಪೂರ್ತಿ ಸಂಬಳ. ಅದಾದ ಮೇಲೆ ಅಪ್ಪ ಅಮ್ಮ ಇಬ್ಬರಲ್ಲಿ ಯಾರು ಬೇಕಾದರೂ ಮಗುವಿಗಾಗಿ 3 ವರ್ಷದವರೆಗೆ ಕೆಲಸದಿಂದ ದೂರವಿರಬಹುದು, ಕೆಲಸ ಹೋಗುವುದಿಲ್ಲ.

ನಮ್ಮ ದೇಶದ ಕಾನೂನನ್ನೂ ಇಲ್ಲಿ ಹೇಳಲೇಬೇಕು. 2017ರಿಂದ ಭಾರತದಲ್ಲಿ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಹೊಲದಲ್ಲಿ, ಕಟ್ಟಡದಲ್ಲಿ, ಮನೆಗೆಲಸದಲ್ಲಿ ದುಡಿಯುವ ನಮ್ಮ ಹೆಂಗಸರಿಗೆ ಅದು ಸಿಗುತ್ತಿಲ್ಲ ಅನ್ನುವುದೂ ನಿಜ. ಆದರೂ ಕಾನೂನಿನ ಪುಸ್ತಕದಲ್ಲಿ ಈ ಒಂದು ವಿಷಯಕ್ಕೆ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ ಅಂದಾಗ ಆ ಗೆಳೆಯ ನಂಬಲೇ ಇಲ್ಲ.

ಬಿಲ್ಲು ಬರಲಿಲ್ಲ ಅಂತ ಅವನು ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅವನಿಗೆ ಬಂದದ್ದು ದುಃಖ, ಅದರ ಹಿಂದೆಯೇ ಕೋಪ. ಮೊದಲ ಮಗಳು ಅಮೆರಿಕದಲ್ಲಿ ಹುಟ್ಟಿದಾಗ ಅವನಿನ್ನೂ ಸೇನೆ ಸೇರಿರಲಿಲ್ಲ. ಆ ಹೆರಿಗೆಯ ಸಾಲ ತೀರಿಸಲು ವರ್ಷಗಳೇ ಹಿಡಿದಿದ್ದವು. ಎಲ್ಲರಿಗೂ ಆರೋಗ್ಯ ವಿಮೆ ಅನ್ನುವುದು ಸಮಾಜವಾದಿಗಳ ಹುಚ್ಚು ಅಂತ ಅವನ ಊರಿನಲ್ಲಿ ಹೇಳುತ್ತಿದ್ದರಂತೆ. ಜರ್ಮನಿಯಲ್ಲಿ ಇದನ್ನು 1883ರಲ್ಲಿ ಶುರುಮಾಡಿದವರು ಆಗಿನ ಚಾನ್ಸಲರ್ ಬಿಸ್ಮಾರ್ಕ್. ಸಮಾಜವಾದಿಗಳನ್ನು ಕಂಡರೆ ಆಗದ ಮನುಷ್ಯ, ಕಾರ್ಮಿಕರು ಅವರ ಕಡೆ ವಾಲದಿರಲಿ ಅಂತ ಮಾಡಿದ್ದು. ಇದನ್ನು ಓದಿಕೊಂಡು ಬಂದು ನನಗೆ ಹೇಳಿದವನು ಅವನೇ.

ಅವನ ದೊಡ್ಡ ಮಗಳ ಮಾತು ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಜರ್ಮನ್ ಶಾಲೆಗೆ ಸೇರಿದ ಮೊದಲ ವಾರ ಆ ಏಳು ವರ್ಷದ ಹುಡುಗಿ ಟೀಚರನ್ನು ಕೇಳಿದಳಂತೆ, "ಬಂದೂಕು ಹಿಡಿದವರು ಬಂದರೆ ನಾವು ಎಲ್ಲಿ ಅಡಗಿಕೊಳ್ಳಬೇಕು?" ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ಇದರ ಅಭ್ಯಾಸ ಮಾಡಿಸುತ್ತಾರೆ. ದೀಪ ಆರಿಸಿ, ಬಾಗಿಲು ಹಾಕಿ, ಸದ್ದು ಮಾಡದೆ ಮೂಲೆಯಲ್ಲಿ ಕೂರುವುದು. ಈಗ ಅವಳು ಗೆಳತಿಯರ ಜೊತೆ ನಡೆದೇ ಶಾಲೆಗೆ ಹೋಗುತ್ತಾಳೆ. ಇಲ್ಲಿ ಒಂದನೇ ಎರಡನೇ ತರಗತಿಯ ಮಕ್ಕಳು ಹಾಗೆ ಹೋಗುವುದು ಮಾಮೂಲು. ತಾಯಿಗೆ ಮಾತ್ರ ಅಭ್ಯಾಸವಾಗಲು ಬಹಳ ಕಾಲ ಬೇಕಾಯಿತು. ಹೊತ್ತುಕೊಂಡಿರುವವರೆಗೆ ಆ ಭಯದ ಭಾರ ತಿಳಿದಿರಲಿಲ್ಲ, ಇಳಿದ ಮೇಲೆ ತಿಳಿಯಿತು ಅನ್ನುತ್ತಾರೆ ಅವರು.

ಹಾಗಂತ ಬಂದವರೆಲ್ಲ ಜರ್ಮನಿಯನ್ನು ಹೊಗಳಿಕೊಂಡು ಕೂತಿದ್ದಾರೆ ಅಂತಲ್ಲ. ಇಲ್ಲಿನ ಸಂಬಳ ಕಡಿಮೆ, ಕಡಿತ ಜಾಸ್ತಿ. ತಜ್ಞ ವೈದ್ಯರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕು. ಸರ್ಕಾರಿ ಕೆಲಸಗಳಲ್ಲಿ ಇನ್ನೂ ಕಾಗದದ್ದೇ ರಾಜ್ಯ. ಅಕ್ಕಪಕ್ಕದವರು ಮನೆಯೊಳಗೆ ಕರೆಯಲು ವರ್ಷಗಳೇ ಬೇಕು. ಅದೇ ಅಮೆರಿಕದವರನ್ನು ನೋಡಿ. ನಾನು ಈ ಬೀದಿಗೆ ಬಂದಾಗ ಕೇಕ್ ಮಾಡಿಕೊಂಡು ಬಾಗಿಲು ತಟ್ಟಿದವರು ಒಹಾಯೋದವರೇ. ಆ ಧಾರಾಳ ನನಗೆ ನಮ್ಮೂರನ್ನೇ ನೆನಪಿಸಿತು.

ಇನ್ನೊಬ್ಬ ತಾಯಿ ಇದ್ದಾರೆ, ಆರೆಗಾನ್ ಕಡೆಯವರು. ಅವರ ಮಗ ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಅವರ ಅನುಭವ ಪೂರ್ತಿ ಉಲ್ಟಾ. ಅಮೆರಿಕದಲ್ಲಿ 1990ರಲ್ಲೇ ಅಂಗವಿಕಲರ ಹಕ್ಕಿನ ಕಾನೂನು ಬಂತು. ಅಂಗಡಿ, ಬಸ್ಸು, ಕಚೇರಿ, ಶೌಚಾಲಯ ಎಲ್ಲವೂ ಇಂಥವರು ಬರುವಂತಿರಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗಬಹುದು. ಇಲ್ಲಿನ ಹಳೆಯ ಊರುಗಳಲ್ಲಿ ಹೆಜ್ಜೆಗೊಂದು ಮೆಟ್ಟಿಲು. ಖಾಸಗಿ ಅಂಗಡಿ, ಹೋಟೆಲುಗಳ ಮೇಲೆ ಅಷ್ಟು ಬಿಗಿಯಾದ ಕಾನೂನಿನ ಒತ್ತಾಯವೂ ಇಲ್ಲ. "ಊರಲ್ಲಿದ್ದಾಗ ಗಾಲಿಕುರ್ಚಿಗೆಂದು ಮಾಡಿದ ಇಳಿಜಾರುಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅದಕ್ಕಾಗಿ ಯಾರೋ ಹೋರಾಡಿದ್ದಾರೆ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು" ಅಂದರು. ಬೆಂಗಳೂರಿನ ಫುಟ್‌ಪಾತ್ ನೆನಪಾಗಿ ನಾನು ಸುಮ್ಮನಾದೆ. ದೇಶ ಬಿಟ್ಟ ಮೇಲೆ ಆ ತಾಯಿಗೆ ತನ್ನ ದೇಶದ ಮೇಲೆ ಅಭಿಮಾನ ಹೆಚ್ಚಾಯಿತು. ಅದೂ ಬದಲಾದ ನೋಟವೇ ಅಲ್ವಾ?

ನಾನು ಹೆಚ್ಚು ಕಲಿತದ್ದು ಅಲಬಾಮಾದ ನಿವೃತ್ತ ಸಾರ್ಜೆಂಟ್ ಒಬ್ಬರಿಂದ. ಕಪ್ಪು ಅಮೆರಿಕನ್, ಜರ್ಮನ್ ಮಹಿಳೆಯನ್ನು ಮದುವೆಯಾಗಿ ಇಲ್ಲೇ ಉಳಿದವರು. ಎರಡನೇ ಮಹಾಯುದ್ಧ ಮುಗಿದು ಜರ್ಮನಿಗೆ ಬಂದ ಅಮೆರಿಕದ ಸೇನೆಯಲ್ಲಿ ಕಪ್ಪು ಸೈನಿಕರ ತುಕಡಿಗಳೇ ಬೇರೆಯಿದ್ದವು. ಆ ಭೇದ ನಿಲ್ಲಿಸುವ ಆದೇಶವನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ತಮ್ಮ ಊರಿನ ಹೋಟೆಲಿನಲ್ಲಿ ಕೂರಲಾಗದ ಸೈನಿಕರು, ಸೋತ ದೇಶದ ಹೋಟೆಲಿನಲ್ಲಿ ಕೂತು ಊಟ ಮಾಡಿದರು. ಅದಕ್ಕೂ ಎಷ್ಟೋ ಮುಂಚೆ, 1892ರಿಂದ 1894ರವರೆಗೆ ಕಪ್ಪು ಅಮೆರಿಕನ್ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬೋಯಿಸ್ ಬರ್ಲಿನ್‌ನಲ್ಲಿ ಓದಿದ್ದರು. ತನ್ನನ್ನು ಮೊದಲು ಮನುಷ್ಯನಾಗಿ ಕಾಣುವ ಬಿಳಿಯರನ್ನು ಅವರು ಕಂಡದ್ದು ಈ ದೇಶದಲ್ಲಿ. ಅದೇ ದೇಶ ಮುಂದೆ ಯಹೂದಿಗಳಿಗೆ ಏನು ಮಾಡಿತು ಅನ್ನುವುದು ನಮಗೆಲ್ಲ ಗೊತ್ತು.

ಸಾರ್ಜೆಂಟ್ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದು ರಸ್ತೆಯಲ್ಲಿ ಹುಗಿದ ಚಿಕ್ಕ ಹಿತ್ತಾಳೆ ಕಲ್ಲುಗಳನ್ನು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರುಮಾಡಿದ ಕೆಲಸ ಇದು. ನಾಜಿಗಳು ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಅವರಿಗೆ ಏನಾಯಿತು ಅನ್ನುವುದನ್ನು ಅವರು ವಾಸವಿದ್ದ ಮನೆಯ ಮುಂದೆಯೇ ಬರೆದಿರುತ್ತಾರೆ. ಯೂರೋಪಿನಲ್ಲಿ ಈಗ ಇಂಥ 1 ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ. "ನಮ್ಮ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಲ್ಲಿ, ಎಷ್ಟು ಕಪ್ಪು ಜನರನ್ನು ಮರಕ್ಕೆ ನೇತುಹಾಕಿದರು, ಅವರ ಹೆಸರೇನು ಅಂತ ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ" ಅಂದರು ಅವರು. 2018ರಲ್ಲಿ ಅಲಬಾಮಾದ ಮಾಂಟ್‌ಗಮರಿಯಲ್ಲಿ ಆ ಹೆಸರುಗಳಿಗೆ ಒಂದು ಸ್ಮಾರಕ ಆಯಿತು. ವಕೀಲ ಬ್ರಯನ್ ಸ್ಟೀವನ್‌ಸನ್ ಮತ್ತು ಅವರ ಸಂಸ್ಥೆ ಕಟ್ಟಿದ್ದು. 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಒಂದು ಕೌಂಟಿಗೆ ಒಂದು. ಅದಕ್ಕೆ ಕೊಲೆಯಾದ ಯಹೂದಿಗಳಿಗಾಗಿ ಬರ್ಲಿನ್‌ನಲ್ಲಿರುವ ಸ್ಮಾರಕವೂ ಒಂದು ಪ್ರೇರಣೆ. ಸಾರ್ಜೆಂಟ್ ಅಲ್ಲಿಗೆ ಹೋಗಿ ತಮ್ಮ ಕೌಂಟಿಯ ಕಂಬದ ಮೇಲಿನ ಹೆಸರುಗಳನ್ನು ಓದಿ ಬಂದರು. ಊರಿನ ಕೆಲವು ನೆಂಟರಿಗೆ ಇದು ಹಿಡಿಸಲಿಲ್ಲವಂತೆ. ಹಳೇ ಗಾಯ ಯಾಕೆ ಕೆದಕುತ್ತೀರಿ ಅಂದರಂತೆ. ನಮ್ಮ ಕಡೆ ಕೆರೆ, ಬಾವಿ, ದೇವಸ್ಥಾನದಿಂದ ಜನರನ್ನು ದೂರವಿಟ್ಟ ಕಥೆ ಎತ್ತಿದರೂ ಇದೇ ಮಾತು ಕೇಳಿಬರುತ್ತದೆ. ನನಗೆ ಅವರ ಪಕ್ಕದಲ್ಲಿ ನಿಂತಾಗ ಅನ್ನಿಸಿದ್ದು, ಕೆದಕಬೇಕು ಅಂತಲೇ.

ಅಮೆರಿಕ ಬಿಟ್ಟರೂ ಅಮೆರಿಕದ ತೆರಿಗೆ ಇಲಾಖೆ ಅವರನ್ನು ಬಿಡುವುದಿಲ್ಲ. ನಾವು ಅನಿವಾಸಿಗಳಾದ ಮೇಲೆ ಇಲ್ಲಿನ ಸಂಬಳಕ್ಕೆ ಭಾರತಕ್ಕೆ ತೆರಿಗೆ ಕಟ್ಟಬೇಕಿಲ್ಲ. ಅವರು ಮಾತ್ರ ಎಲ್ಲೇ ಇದ್ದರೂ ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. 2010ರ ಕಾನೂನೊಂದು ಹೊರದೇಶದ ಬ್ಯಾಂಕುಗಳೂ ಅಮೆರಿಕದ ಗ್ರಾಹಕರ ವಿವರ ಕೊಡಬೇಕು ಅನ್ನುತ್ತದೆ. ಆ ತಲೆನೋವೇ ಬೇಡ ಅಂತ ಬ್ಯಾಂಕೊಂದು ನಮ್ಮ ಗೆಳೆಯನಿಗೆ ಖಾತೆಯನ್ನೇ ತೆರೆಯಲಿಲ್ಲ. ಇಲ್ಲೇ ಹುಟ್ಟಿದ ಅವನ ಪುಟ್ಟ ಮಗ ಮುಂದೆ ಒಂದು ದಿನವೂ ಅಮೆರಿಕದಲ್ಲಿ ಬಾಳದಿದ್ದರೂ, ದುಡಿಯಲು ಶುರುಮಾಡಿದ ಮೇಲೆ ಈ ಲೆಕ್ಕ ಅವನಿಗೂ ತಪ್ಪಿದ್ದಲ್ಲ.

ಆದರೆ ಓಟಿನ ವಿಷಯದಲ್ಲಿ ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಹೊರದೇಶದಲ್ಲಿರುವ ಅಮೆರಿಕನ್ನರು ಅಂಚೆಯಲ್ಲೇ ಮತ ಹಾಕಬಹುದು, 1986ರ ಕಾನೂನು ಆ ಹಕ್ಕು ಕೊಟ್ಟಿದೆ. ನಾನು ಓಟು ಹಾಕಬೇಕಾದರೆ ವಿಮಾನ ಹತ್ತಿ ನನ್ನ ಕ್ಷೇತ್ರದ ಮತಗಟ್ಟೆಗೇ ಹೋಗಬೇಕು. ಕಳೆದ ಚುನಾವಣೆಯ ಹೊತ್ತಿಗೆ ಒಹಾಯೋದ ಗಂಡ ಹೆಂಡತಿ ಊಟದ ಮೇಜಿನ ಮೇಲೆ ಮತಪತ್ರ ಹರಡಿಕೊಂಡು ಕೂತಿದ್ದರು. ಅವನ ಪಕ್ಷ ಬದಲಾಗಿಲ್ಲ, ಅದನ್ನು ಅವನೇ ಹೇಳಿದ. ಜೊತೆಗೆ ತನ್ನ ಕ್ಷೇತ್ರದ ಪ್ರತಿನಿಧಿಗೆ ಒಂದು ಪತ್ರವನ್ನೂ ಬರೆದಿದ್ದ. ಸಂಬಳದ ಹೆರಿಗೆ ರಜೆ ಬೇರೆ ದೇಶಗಳಿಗೆ ಸಾಧ್ಯವಾದದ್ದು ನಮಗೆ ಯಾಕೆ ಆಗುವುದಿಲ್ಲ, ಉತ್ತರ ಕೊಡಿ ಅಂತ. ಭಾರತದ 26 ವಾರವನ್ನೂ ಅದರಲ್ಲಿ ಸೇರಿಸಿದ್ದ. ಕಳಿಸುವ ಮುಂಚೆ ಆ ಸಾಲು ಸರಿಯಿದೆಯಾ ಅಂತ ನನಗೆ ತೋರಿಸಿದ. ಸರಿಯಿತ್ತು.