ನೈಟ್ ಆದ್ರೂ ನಡೀತದ, ಯಾವ ಕೆಲಸಕ್ಕೆ ಹೋಗ್ಲಿ?

"ಸರ್, ದಿನಾ ಒಂದೇ ಥರ ನಡಿಯೋ ಕೆಲಸ ಬೇಕ್ರಿ. ನೈಟ್ ಆದ್ರೂ ನಡೀತದ. ಯಾವುದಕ್ಕ ಹೋಗ್ಲಿ?" ನಾನು ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿರುವುದರಿಂದ ಐಟಿಐ, ಬಿಎಸ್ಸಿ ಮುಗಿಸಿದ ಹುಡುಗರು ಇದನ್ನೇ ಕೇಳುತ್ತಾರೆ.

ಕೆಲಸದ ಹೆಸರು ಆಮೇಲೆ ನೋಡಿ, ಮೊದಲು ಶಿಫ್ಟ್ ಚಾರ್ಟ್ ನೋಡಿ ಅಂತೀನಿ. ಒಂದೇ ಪದ್ಧತಿ ಬೇಕು ಅನ್ನುವವರನ್ನು ರಾತ್ರಿಗಿಂತ ಜಾಸ್ತಿ ಕಾಡುವುದು ತಿರುಗುವ ಪಾಳಿ. ಈ ವಾರ ಬೆಳಿಗ್ಗೆ ಆರಕ್ಕೆ, ಮುಂದಿನ ವಾರ ಮಧ್ಯಾಹ್ನ ಎರಡಕ್ಕೆ, ಅದರ ಮುಂದೆ ರಾತ್ರಿ ಹತ್ತಕ್ಕೆ. ನಮ್ಮ ಮೈ ಬೆಳಕು ನೋಡಿಕೊಂಡು ನಡೆಯುತ್ತದೆ. ಒಂದು ಪಾಳಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಆದರೆ ಕೆಲಸದೊಳಗಿನ ಕ್ರಮ ಗಟ್ಟಿಯಾಗಿದ್ದರೆ ತಿರುಗುವ ಪಾಳಿಯನ್ನೂ ತಡೆದುಕೊಳ್ಳಬಹುದು. ನಮ್ಮ ಲ್ಯಾಬನ್ನೇ ತಗೊಳ್ಳಿ. ಸುಮಾರು 1450 ಡಿಗ್ರಿಯಲ್ಲಿ ಬೆಂದ ಕ್ಲಿಂಕರ್, ಅಂದರೆ ಮುಂದೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆಗಳು, ಕಿಲ್ನ್ ಅನ್ನುವ ದೊಡ್ಡ ಕುಲುಮೆಯಿಂದ ಬರುತ್ತಲೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಸ್ಯಾಂಪಲ್ ತರಬೇಕು, ಪುಡಿ ಮಾಡಬೇಕು, ತೂಗಬೇಕು. ಎಥಿಲೀನ್ ಗ್ಲೈಕಾಲ್ ಅನ್ನುವ ದ್ರವದಲ್ಲಿ ಬಿಸಿ ಮಾಡಿ, ಸೋಸಿ, ಬ್ಯುರೆಟ್‌ನಿಂದ (ಅಳತೆ ಗೆರೆ, ನಲ್ಲಿ ಇರುವ ಗಾಜಿನ ಕೊಳವೆ) ಆಸಿಡ್ ಹನಿ ಹನಿಯಾಗಿ ಬಿಡಬೇಕು. ಬಣ್ಣ ತಿರುಗಿದ ಕೂಡಲೇ ನಲ್ಲಿ ಮುಚ್ಚಿ ರೀಡಿಂಗ್ ಬರೆಯಬೇಕು. ಬೇರೆ ಖನಿಜಗಳ ಜೊತೆ ಕೂಡದೆ ಉಳಿದ ಸುಣ್ಣ ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ. ಜಾಸ್ತಿ ಬಂದರೆ ಕಂಟ್ರೋಲ್ ರೂಮಿಗೆ ಫೋನ್. ಮತ್ತೆ ಮುಂದಿನ ಸ್ಯಾಂಪಲ್. ರಾತ್ರಿ ಮೂರಕ್ಕೆ ಕಣ್ಣು ಎಳೆಯುವಾಗ ಈ ಕ್ರಮವೇ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತದೆ. ನನಗೆ ಈ ಕೆಲಸ ತುಂಬಾ ಇಷ್ಟ.

ವಿದ್ಯುತ್ ಸಬ್‌ಸ್ಟೇಷನ್ ಆಪರೇಟರ್ ಕೆಲಸವೂ ಇದೇ ಜಾತಿಯದು. ಗಂಟೆಗೊಮ್ಮೆ ವೋಲ್ಟೇಜು, ಲೋಡು ನೋಡಿ ಲಾಗ್ ಬುಕ್ಕಿನಲ್ಲಿ ಬರೆಯುವುದು. ಐಟಿಐ ಎಲೆಕ್ಟ್ರಿಕಲ್ ಆದವರಿಗೆ ನಾನು ಇದನ್ನೇ ಮೊದಲು ಹೇಳೋದು. ಖಾಯಂ ರಾತ್ರಿಯೇ ಬೇಕು ಅಂದರೆ ಕಲಬುರಗಿಯಲ್ಲಿ ಪತ್ರಿಕೆ ಅಚ್ಚಾಗುವ ಪ್ರೆಸ್ ನೋಡಿ. ನಸುಕಿನೊಳಗೆ ಬಂಡಲ್ ಬಸ್ ಹತ್ತಲೇಬೇಕು, ಹಾಗಾಗಿ ಆ ಕೆಲಸದ ಹೊತ್ತು ಅತ್ತಿತ್ತ ಆಗುವುದಿಲ್ಲ. ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡ್ ದೊಡ್ಡ ಕೆಲಸ, ಆದರೆ ಮುಂದಿನ ಗಳಿಗೆ ಯಾರು ಬರುತ್ತಾರೋ ಗೊತ್ತಿರುವುದಿಲ್ಲ. ಒಂದೇ ಪದ್ಧತಿ ಬೇಕು ಅನ್ನುವವರಿಗೆ ಅದು ಬೇಡ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಸರ್ಕಾರಿ ಆಫೀಸಿನ ಹೊತ್ತನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುವ ಊರು ಇದು. 42 ಡಿಗ್ರಿಯಲ್ಲಿ ಹಗಲು ನಿದ್ದೆ ಮಾಡೋದು ಸುಮ್ನೆ ಮಾತಲ್ಲ. ಮಾಳಿಗೆ ಕಾದುಬಿಡುತ್ತದೆ, ಅದಕ್ಕೇ ಕೆಳಗಿನ ಕೋಣೆ ಹಿಡಿಯಿರಿ. ಶಹಾಬಾದ್ ಕಲ್ಲಿನ ನೆಲವಿದ್ದರೆ ಇನ್ನೂ ಒಳ್ಳೇದು. ಕಿಟಕಿಗೆ ದಪ್ಪ ಪರದೆ, ಒಂದು ಕೂಲರ್. ಮೊದಲ ಸಂಬಳದಲ್ಲಿ ಮೊಬೈಲ್ ಬೇಡ, ಇವನ್ನು ತಗೊಳ್ಳಿ. ರಜೆಯ ದಿನವೂ ನಿದ್ದೆಯ ಹೊತ್ತು ಪೂರ್ತಿ ತಿರುಗಿಸಬೇಡಿ.

ಇಂಟರ್‌ವ್ಯೂಗೆ ಹೋದಾಗ ಸಂಬಳ ಕೇಳಿದಷ್ಟೇ ಧೈರ್ಯವಾಗಿ ಇದನ್ನೂ ಕೇಳಿ: ಪಾಳಿ ಖಾಯಮ್ಮಾ, ತಿರುಗುತ್ತಾ? ತಿರುಗಿದರೆ ಎಷ್ಟು ದಿನಕ್ಕೊಮ್ಮೆ? ರಿಲೀವರ್, ಅಂದರೆ ಮುಂದಿನ ಪಾಳಿಯವನು, ಬರದಿದ್ದರೆ ಡಬಲ್ ಡ್ಯೂಟಿ ಯಾರದು? ಕೊನೆಯದಕ್ಕೆ ಉತ್ತರ ಬಿಗಿಯಾಗಿ ಸಿಗಬೇಕು. ಬೆಳಿಗ್ಗೆ ಆರಕ್ಕೆ ಚಾರ್ಜ್ ತಗೊಳ್ಳಬೇಕಾದವನು ಪದೇಪದೇ ತಪ್ಪಿಸಿಕೊಳ್ಳುವ ಕಡೆ, ಚಾರ್ಟ್ ಎಷ್ಟೇ ಚೆನ್ನಾಗಿದ್ದರೂ ನೀವು ಮನೆಗೆ ಹೋಗುವ ಹೊತ್ತು ನಿಮ್ಮ ಕೈಯಲ್ಲಿರುವುದಿಲ್ಲ.