ಚೈನ್ ಮನೆಯಲ್ಲೇ ಹಾಕಿದ್ರಂತೆ, ಹೌದಾ?

ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರಂತೂ ನಾನು ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ್ದಾಗಲೇ ಕೇಳಿದರು: "ನಿಮ್ಮ ಸ್ವಿಫ್ಟಿನ ಟೈಮಿಂಗ್ ಚೈನ್ ಮನೆಯಲ್ಲೇ ಹಾಕಿದ್ರಂತೆ, ಹೌದಾ? ನಮಗೂ ಆಗ್ತದಾ?"

ಆಗ್ತದೆ. ಆದರೆ ಕೇಳುವವರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೇ ಇರುವುದಿಲ್ಲ. ಟೈಮಿಂಗ್ ಚೈನ್ ಎಂದರೆ ಇಂಜಿನ್ನಿನ ಒಳಗೆ, ಪಿಸ್ಟನುಗಳಿಂದ ತಿರುಗುವ ಕ್ರ್ಯಾಂಕಿಗೂ ಗಾಳಿ, ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಕ್ಯಾಮಿಗೂ ತಾಳ ತಪ್ಪದ ಹಾಗೆ ಜೋಡಿಸುವ ಚೈನ್.

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ, ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದ ಹಾಗೆ ಎರಡು ಮೂರು ಸೆಕೆಂಡು ಶಬ್ದ ಬಂದು ನಿಂತರೆ ಚೈನಿನ ಮೇಲೆ ಸಂಶಯ ಪಡಬಹುದು. ಚೈನನ್ನು ಬಿಗಿ ಹಿಡಿಯುವ ಟೆನ್ಷನರಿಗೆ ಬಲ ಬರುವುದು ಇಂಜಿನ್ ಆಯಿಲಿನ ಒತ್ತಡದಿಂದ. ಆಯಿಲ್ ಅಲ್ಲಿಗೆ ಮುಟ್ಟುವ ತನಕ ಸವೆದ ಚೈನ್ ಸಡಿಲಾಗಿ ಬಡಿಯುತ್ತಾ ಇರುತ್ತದೆ. ದಿನವಿಡೀ ಕೇಳುವ ಶಬ್ದ ಹೊರಗಿನ ಬೆಲ್ಟಿನ ಪುಲ್ಲಿಯದ್ದೋ ವಾಟರ್ ಪಂಪಿನ ಬೇರಿಂಗಿನದ್ದೋ ಆಗಿರಬಹುದು, ಅದನ್ನು ಮೊದಲು ನೋಡಿ. ನನ್ನ 2012ರ ಪೆಟ್ರೋಲ್ ಸ್ವಿಫ್ಟಿನಲ್ಲಿ ಬೆಳಗಿನ ಶಬ್ದವೂ ಇತ್ತು, ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0016 ಎಂಬ ಕೋಡೂ ಬಂತು. ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದೆ ಎಂದು ಅದರ ಅರ್ಥ.

ತಪ್ಪು ನನ್ನದೇ. 10,000 ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು "ಇನ್ನೊಂದು ವಾರ, ಇನ್ನೊಂದು ವಾರ" ಎಂದು ಎಷ್ಟೋ ಸಲ ಮುಂದೆ ಹಾಕಿದ್ದೆ. ಚೈನ್ ರಬ್ಬರಿನ ಹಾಗೆ ಎಳೆದು ಉದ್ದವಾಗುವುದಲ್ಲ. ಕೊಳಕು ಆಯಿಲಿನಲ್ಲಿ ಒಂದೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆಯುತ್ತದೆ, ಅಷ್ಟೂ ಕೊಂಡಿಗಳ ಸವೆತ ಸೇರಿ ಚೈನ್ ಉದ್ದವಾಗುತ್ತದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಉಡುಪಿಯ ಆಟಿ ತಿಂಗಳಲ್ಲಿ ಬಿಚ್ಚಿಟ್ಟ ಕಬ್ಬಿಣಕ್ಕೆ ಎರಡೇ ದಿನದಲ್ಲಿ ತುಕ್ಕು. ನಾನು ದೀಪಾವಳಿ ಕಳೆದ ಮೇಲೆ ಸಂತೆಕಟ್ಟೆಯ ಮನೆಯ ಅಂಗಳದಲ್ಲಿ ಶುರು ಮಾಡಿದೆ. ಇಂಜಿನ್ನನ್ನು ಹೊತ್ತು ನಿಲ್ಲಿಸುವ ಬಲಗಡೆಯ ಮೌಂಟ್ ಬಿಚ್ಚಬೇಕು, ಹಾಗಾಗಿ ಇಂಜಿನ್ನಿನ ಅಡಿಗೆ ಜಾಕ್, ನಡುವೆ ಹಲಸಿನ ಹಲಗೆಯ ತುಂಡು. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಒಂದೇ ಅರ್ಧ ದಿನ ತಿಂದಿತು. ಕವರ್ ತೆಗೆದಾಗ, ಚೈನ್ ಉಜ್ಜಿಕೊಂಡು ಓಡುವ ಪ್ಲಾಸ್ಟಿಕ್ ಗೈಡಿನಲ್ಲಿ ಚೈನ್ ಕೊರೆದ ಎರಡು ಗೆರೆಗಳು ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದವು. ಚೈನ್ ಒಂದನ್ನೇ ತಂದು ಗೈಡ್, ಟೆನ್ಷನರ್ ಹಳೆಯದೇ ಇರಲಿ ಎನ್ನುವವರ ಹತ್ತಿರ ನನಗೆ ಮಾತಿಲ್ಲ.

ಹೊಸ ಚೈನಿನಲ್ಲಿ ಮೂರು ಕೊಂಡಿಗಳ ಬಣ್ಣ ಬೇರೆ. ಕ್ರ್ಯಾಂಕಿನ ಸ್ಪ್ರಾಕೆಟಿನ (ಹಲ್ಲಿನ ಚಕ್ರದ) ಗುರುತಿಗೆ ಒಂದು, ಎರಡು ಕ್ಯಾಮ್‌ಗಳ ಗುರುತಿಗೆ ಒಂದೊಂದು. ಕೂಡಿಸಿದೆ, ಟೆನ್ಷನರನ್ನು ಒತ್ತಿ ಹಿಡಿದಿದ್ದ ಪಿನ್ ಎಳೆದೆ. ತಾಳ ಹೆಚ್ಚು ತಪ್ಪಿದರೆ ವಾಲ್ವ್ ಹೋಗಿ ಪಿಸ್ಟನಿಗೆ ಬಡಿದು ಬಗ್ಗುತ್ತದಲ್ಲ, ಅದಕ್ಕೆ ಸ್ಟಾರ್ಟರ್ ಮುಟ್ಟುವ ಮೊದಲು ಸ್ಪ್ಯಾನರ್ ಹಾಕಿ ಕೈಯಲ್ಲೇ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ನೋಡಬೇಕು. ತಿರುಗಿಸಿದೆ. ಬಣ್ಣದ ಕೊಂಡಿಗಳು ಎಲ್ಲೆಲ್ಲೋ ಹೋಗಿದ್ದವು!

ಮಂಡೆ ಬಿಸಿಯಾಯಿತು. ಚೈನ್ ತೆಗೆದೆ, ಪುನಃ ಕೂಡಿಸಿದೆ, ಪುನಃ ತಿರುಗಿಸಿದೆ. ಮತ್ತೂ ಅದೇ. ರಾತ್ರಿ ಹನ್ನೊಂದಕ್ಕೆ ಮೂರನೇ ಸಲ ಬಿಚ್ಚಲು ಕೂತಿದ್ದಾಗ ನೆರೆಮನೆಯ ಅಣ್ಣ ಬಂದರು. ಮಲ್ಪೆಯ ಬೋಟುಗಳ ಇಂಜಿನ್ ರಿಪೇರಿಯಲ್ಲೇ ತಲೆ ಬಿಳಿ ಮಾಡಿಕೊಂಡವರು.

"ಎಂತ ಮಾರಾಯಾ, ಇನ್ನೂ ಮಲಗ್ಲಿಲ್ವಾ?"

"ಬಣ್ಣ ಕೂಡ್ತಾ ಇಲ್ಲ ಅಣ್ಣ."

ಟಾರ್ಚ್ ಹಿಡಿದು ಬಗ್ಗಿ ನೋಡಿದರು. "ಬಣ್ಣ ಯಾಕೆ ಕೂಡ್ಬೇಕು? ಚಕ್ರದ ಗುರುತು ಕೂಡಿದೆಯಲ್ಲ. ಸೈಕಲ್ ಬಿಟ್ಟಿದ್ದಿಯಾ ಇಲ್ವಾ ನೀನು?"

ಆಗ ಹೊಳೆಯಿತು. ಸೈಕಲ್ ಚೈನಿನ ಒಂದು ಕೊಂಡಿಗೆ ಬಣ್ಣ ಬಳಿದು ಪೆಡಲನ್ನು ಒಂದು ಸುತ್ತು ತುಳಿಯಿರಿ. ಪೆಡಲ್ ಮೊದಲಿನ ಜಾಗಕ್ಕೆ ಬರುತ್ತದೆ, ಬಣ್ಣದ ಕೊಂಡಿ ಬರುವುದಿಲ್ಲ. ಇಲ್ಲಿಯೂ ಹಾಗೆಯೇ. ಕ್ರ್ಯಾಂಕಿನ ಎರಡು ಸುತ್ತಿಗೆ ಕ್ಯಾಮ್‌ನದ್ದು ಒಂದು ಸುತ್ತು, ಹಾಗಾಗಿ ಸ್ಪ್ರಾಕೆಟುಗಳ ಗುರುತು ಸ್ವಸ್ಥಾನಕ್ಕೆ ಬರುತ್ತದೆ. ಚೈನ್ ಮಾತ್ರ ಕ್ಯಾಮ್ ಸ್ಪ್ರಾಕೆಟಿಗೆ ಎಷ್ಟು ಹಲ್ಲೋ ಅಷ್ಟೇ ಕೊಂಡಿ ಮುಂದೆ ಹೋಗಿರುತ್ತದೆ, ಅದರ ಪೂರ್ತಿ ಉದ್ದ ಅದಕ್ಕಿಂತ ಎಷ್ಟೋ ಹೆಚ್ಚು. ಬಣ್ಣ ಇರುವುದು ಕೂಡಿಸುವ ಹೊತ್ತಿಗೆ ಮಾತ್ರ. ಮೊದಲನೇ ಸಲವೇ ನಾನು ಸರಿಯಾಗಿ ಹಾಕಿದ್ದೆ. ಅಣ್ಣ ಹೋಗುವಾಗ, "ನಮ್ಮ ಬೋಟಿನದ್ದಕ್ಕೆ ಚೈನೇ ಇಲ್ಲ, ಗೇರಿಗೆ ಗೇರು, ಈ ರಗಳೆಯೇ ಇಲ್ಲ" ಎಂದು ಸ್ವಲ್ಪ ಜಂಬದಲ್ಲೇ ಹೇಳಿದರು.

ಮತ್ತೆ ಉಳಿದದ್ದು ಕವರಿನ ಹಳೆಯ ಗ್ಯಾಸ್ಕೆಟ್ ಪೇಸ್ಟ್ ಕೆರೆಯುವ ಬೇಸರದ ಕೆಲಸ. ಒಂದು ಚೂರು ಉಳಿದರೂ ಆಯಿಲ್ ಜಿನುಗುತ್ತದೆ.

ದುಡ್ಡು ಉಳಿಯಿತಾ ಎಂದರೆ, ಕೂಲಿ ಉಳಿದದ್ದು ಟಾರ್ಕ್ ರೆಂಚಿಗೂ ಪುಲ್ಲರಿಗೂ ಹೋಯಿತು. ಮೂರು ದಿನ ಎಂದುಕೊಂಡದ್ದು ಒಂಬತ್ತು ದಿನ ಹಿಡಿಯಿತು, ಅಷ್ಟು ದಿನವೂ ಮಣಿಪಾಲಕ್ಕೆ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋದೆ. ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದವರು, ಸೋಮವಾರ ಬೆಳಿಗ್ಗೆ ಕಾರು ಬೇಕೇ ಬೇಕು ಎನ್ನುವವರು ಗ್ಯಾರೇಜಿಗೇ ಕೊಡಿ.

ಹಲ್ಲಿನ ಡಾಕ್ಟರಿಗೆ ಇದನ್ನೆಲ್ಲ ಹೇಳಲು ಅಂದು ನನಗೆ ಬಾಯಿ ಇರಲಿಲ್ಲ. ಎದ್ದ ಮೇಲೆ ಅವರ ಕಾರು ಯಾವುದೆಂದು ಕೇಳಿದೆ. ಹಳೆಯ ಸ್ಯಾಂಟ್ರೋ. "ಅದಕ್ಕೆ ಚೈನಲ್ಲ ಡಾಕ್ಟ್ರೇ, ಬೆಲ್ಟು. ಶಬ್ದ ಬರ್ಲಿ ಅಂತ ಕಾಯ್ಲಿಕ್ಕಿಲ್ಲ, ಹೇಳದೆ ಕೇಳದೆ ತುಂಡಾಗ್ತದೆ. ಕೊನೆಗೆ ಬದಲಾಯಿಸಿದ್ದು ಯಾವಾಗ?" ಎಂದೆ.

ಈ ಸಲ ಬಾಯಿ ತೆರೆದದ್ದು ಅವರು.