ಮುಂಬಯಿ ಕನ್ನಡಿಗರು ಲಾಕ್‌ಡೌನ್ ಪರ ಇದ್ದರೋ, ವಿರುದ್ಧವೋ?

ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಬರೆಯುವವರು ಕೇಳುತ್ತಾರೆ, ಪ್ರಾಜೆಕ್ಟ್ ಹಿಡಿದುಕೊಂಡು ಬರುವ ಕಾಲೇಜು ಮಕ್ಕಳು ಕೇಳುತ್ತಾರೆ, ಊರ ಕಡೆಯ ಪತ್ರಕರ್ತರು ಫೋನ್ ಮಾಡಿಯೂ ಕೇಳುತ್ತಾರೆ: ಕೊರೊನಾ ಕಾಲದಲ್ಲಿ ಮುಂಬಯಿಯ ಕನ್ನಡದ ಜನ ಲಾಕ್‌ಡೌನ್ ಪರ ಇದ್ದರೋ, ವಿರುದ್ಧ ಇದ್ದರೋ?

ಈ ಪ್ರಶ್ನೆಗೆ ಬರುವ ಯಾವ ಉತ್ತರವನ್ನೂ ನಂಬಬೇಡಿ. ಶೇಕಡಾ ಇಷ್ಟು ಜನ ಪರ ಇದ್ದರು ಎಂದು ಯಾರಾದರೂ ಬರೆದುಕೊಟ್ಟರೆ ಮೊದಲು ವಿಚಾರಿಸಿ: ಯಾವ ತಿಂಗಳ ಮಾತು? ಯಾವ ನಿಯಮ? ಯಾವ ಸರಕಾರದ್ದು? ಕೇಳಿದ್ದು ಯಾರನ್ನು, ಯಾರ ಎದುರಿಗೆ? ಜನರಿಗೆ ಅಭಿಪ್ರಾಯ ಇತ್ತು, ಗಟ್ಟಿಯಾಗಿಯೇ ಇತ್ತು. ಆದರೆ ಅದು ಇದ್ದದ್ದು ಒಂದೊಂದು ನಿಯಮದ ಮೇಲೆ. ಅವನ್ನೆಲ್ಲ ಒಟ್ಟಿಗೆ ಕಟ್ಟಿ ಇಟ್ಟ ‘ಲಾಕ್‌ಡೌನ್’ ಎಂಬ ಹೆಸರಿನ ಮೇಲೆ ಅಲ್ಲ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಘೋಷಣೆ ಮಾಡಿದರು, ಮಧ್ಯರಾತ್ರಿಗೆ ಜಾರಿಯಾಯಿತು. ನಡುವೆ ಸಿಕ್ಕಿದ್ದು ನಾಲ್ಕು ಗಂಟೆ. ಲೋಕಲ್ ರೈಲುಗಳೂ ದೂರದ ರೈಲುಗಳೂ ಅದಕ್ಕೂ ಎರಡು ದಿನ ಮೊದಲೇ ನಿಂತಿದ್ದವು. ಬೆಳಗ್ಗೆ ನಾಕಾದಲ್ಲಿ ನಿಂತು ದಿನಗೂಲಿ ಹುಡುಕುವ ಕಲಬುರಗಿ, ಯಾದಗಿರಿ ಕಡೆಯವರಿಗೆ ‘ಮನೆಯಲ್ಲೇ ಇರಿ’ ಎಂದದ್ದು ಒಂದು ನಿಯಮ, ಊರಿಗೆ ಹೋಗುವ ದಾರಿ ಮುಚ್ಚಿದ್ದು ಬೇರೆಯದೇ ನಿಯಮ. ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ ರೈಲು ಶುರುವಾದದ್ದು ಮೇ 1ಕ್ಕೆ. ಅಷ್ಟರಲ್ಲಿ ಮೇ 18ಕ್ಕೆ ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಒಳಗೆ ಬಿಡುವುದಿಲ್ಲ ಎಂದಿತು. ಜೂನ್‌ನಲ್ಲಿ ಬಿಟ್ಟಾಗ 7 ದಿನ ಸರಕಾರ ಹೇಳಿದ ಜಾಗದಲ್ಲಿ ಕ್ವಾರಂಟೈನ್, ಆಮೇಲೆ ಇನ್ನಷ್ಟು ದಿನ ಮನೆಯಲ್ಲಿ. ಹೀಗಾಗಿ ಮುಂಬಯಿಯ ಕನ್ನಡಿಗನ ತಲೆಯ ಮೇಲೆ ದಿಲ್ಲಿ, ಮಂತ್ರಾಲಯ (ಮಹಾರಾಷ್ಟ್ರ ಸರಕಾರದ ಕಚೇರಿ), ಮಹಾನಗರ ಪಾಲಿಕೆ, ಬೆಂಗಳೂರು ಎಂದು ನಾಲ್ಕು ಸರಕಾರಗಳಿದ್ದವು. ‘ಸರಕಾರ ಮಾಡಿದ್ದು ಸರಿಯೇ?’ ಎಂದು ಕೇಳಿದರೆ ಒಬ್ಬರು ದಿಲ್ಲಿಯನ್ನು ನೆನೆದು ಹೌದು ಅನ್ನುತ್ತಾರೆ, ಪಕ್ಕದ ಖೋಲಿಯವರು ಗಡಿಯ ಚೆಕ್‌ಪೋಸ್ಟ್ ನೆನೆದು ಇಲ್ಲ ಅನ್ನುತ್ತಾರೆ. ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿ ಶೇಕಡಾವಾರು ತೆಗೆದರೆ ಆ ಲೆಕ್ಕ ಯಾವುದರ ಲೆಕ್ಕ?

ಲೋಕಲ್ ರೈಲಿನ ವಿಷಯವನ್ನೇ ತೆಗೆದುಕೊಳ್ಳಿ. 2020ರ ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ. ಅಕ್ಟೋಬರ್ 21ರಿಂದ ಹೆಂಗಸರಿಗೆ, ಅದೂ ಬೆಳಗ್ಗೆ 11ರಿಂದ ಮಧ್ಯಾಹ್ನ 3 ಮತ್ತು ಸಂಜೆ 7ರ ನಂತರ. 2021ರ ಫೆಬ್ರವರಿ 1ರಿಂದ ಎಲ್ಲರಿಗೂ, ಆದರೆ ಮೊದಲ ಗಾಡಿಯಿಂದ 7 ಗಂಟೆಯವರೆಗೆ, 12ರಿಂದ 4, ರಾತ್ರಿ 9ರಿಂದ ಕೊನೆಯ ಗಾಡಿಯವರೆಗೆ. ಡೊಂಬಿವಲಿಯಿಂದ ಫೋರ್ಟಿಗೆ 10 ಗಂಟೆಯ ಕೆಲಸಕ್ಕೆ ಹೋಗುವವರು 7ರೊಳಗೆ ಗಾಡಿ ಹತ್ತಬೇಕು, 6ಕ್ಕೆ ಕೆಲಸ ಬಿಟ್ಟು 9ರವರೆಗೆ ಕಾಯಬೇಕು. ಇವರು ಸಿಟ್ಟಾದರೆ ಅದು ರೈಲು ನಿಲ್ಲಿಸಿದ್ದರ ಮೇಲಿನ ಸಿಟ್ಟಲ್ಲ, ಗಡಿಯಾರದ ಮೇಲಿನ ಸಿಟ್ಟು. ರೈಲು ತುಂಬಬಾರದು ಎಂಬುದನ್ನು ಅವರೇ ಮೊದಲು ಹೇಳುತ್ತಿದ್ದರು.

ನನ್ನ ಮಟ್ಟಿಗೆ ಜನರ ನಂಬಿಕೆಗೆ ಹೆಚ್ಚು ಪೆಟ್ಟು ಕೊಟ್ಟದ್ದು ಬಿಗಿಯಾದ ನಿಯಮಗಳಲ್ಲ, ಅರ್ಥವಾಗುವ ಮೊದಲೇ ಬದಲಾದ ನಿಯಮಗಳು. 2020ರ ಜೂನ್ ಕೊನೆಗೆ ಮನೆಯಿಂದ 2 ಕಿಲೋಮೀಟರ್ ಆಚೆ ಹೋಗಬಾರದು ಎಂಬ ಪೊಲೀಸ್ ಆದೇಶ ಬಂತು. ಸಾವಿರಾರು ಗಾಡಿ ಜಪ್ತಿಯಾದವು, ಕೆಲವೇ ದಿನಗಳಲ್ಲಿ ಆದೇಶ ಹಿಂದೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಗಾಡಿಗಳಿಗೆ ಬಣ್ಣದ ಸ್ಟಿಕ್ಕರ್: ವೈದ್ಯಕೀಯಕ್ಕೆ ಕೆಂಪು, ಹಾಲು ತರಕಾರಿಗೆ ಹಸಿರು, ಉಳಿದ ಅಗತ್ಯ ಸೇವೆಗೆ ಹಳದಿ. ಅದೂ ಒಂದು ವಾರ ಬಾಳಲಿಲ್ಲ. ಇಂಥದ್ದರ ನಂತರ ಬಂದ ಒಳ್ಳೆಯ ನಿಯಮವನ್ನೂ ಜನ ‘ನಾಳೆ ಬದಲಾಗುತ್ತದೆ’ ಎಂದೇ ನೋಡುತ್ತಾರೆ.

ಹಾಗಾದರೆ ಕೇಳುವುದು ಹೇಗೆ? ಮೊದಲು ಭಾಷೆ ಸರಿಮಾಡಿಕೊಳ್ಳಿ. ಕನ್ನಡದ ‘ಒಪ್ಪು’ ಇಲ್ಲಿ ತುಂಬ ಮೋಸ ಮಾಡುತ್ತದೆ. ‘ಲಾಕ್‌ಡೌನ್ ಒಪ್ಪಿದಿರಾ?’ ಎಂದರೆ ಸರಿ ಅನ್ನಿಸಿತೇ ಎಂದೂ ಆಗುತ್ತದೆ, ಬೇರೆ ದಾರಿಯಿಲ್ಲದೆ ತಲೆಬಾಗಿದಿರೇ ಎಂದೂ ಆಗುತ್ತದೆ. ಎರಡಕ್ಕೂ ಉತ್ತರ ‘ಹೌದು’ ಎಂದೇ ಬರುತ್ತದೆ, ಬರೆದುಕೊಳ್ಳುವವರು ಅದನ್ನು ಬೆಂಬಲ ಎಂದು ಎಣಿಸುತ್ತಾರೆ. ‘ಕಷ್ಟ ಆಯ್ತಲ್ವಾ?’ ಎಂಬುದು ಇನ್ನೊಂದು ತಪ್ಪು. ‘ಅಲ್ವಾ’ ಸೇರಿಸಿದ ಕೂಡಲೇ ಉತ್ತರ ನೀವೇ ಕೊಟ್ಟಂತಾಯಿತು. ದೊಡ್ಡವರ ಎದುರು ಇಲ್ಲ ಅನ್ನುವ ಅಭ್ಯಾಸ ನಮ್ಮ ಜನರಿಗೆ ಕಡಿಮೆ. ಸಂಘದ ಪದಾಧಿಕಾರಿಗಳೇ ಹೋಗಿ ಕೇಳಿದರೆ ಇನ್ನೂ ಕಡಿಮೆ.

ಪ್ರತಿ ನಿಯಮಕ್ಕೂ ಮೂರು ಪ್ರಶ್ನೆ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಆವಾಗ ಅದು ಸರಿ ಅನ್ನಿಸಿತ್ತೋ, ತಪ್ಪು ಅನ್ನಿಸಿತ್ತೋ? ಅದರಂತೆ ನಡೆಯಲು ನಿಮ್ಮಿಂದ ಆಯಿತೋ, ಆಗಲಿಲ್ಲವೋ? ಈಗ ನೋಡಿದರೆ ಏನನ್ನಿಸುತ್ತದೆ? ಸರಿ ಅನ್ನಿಸಿದರೂ ಪಾಲಿಸಲು ಆಗದವರು ಈ ನಗರದಲ್ಲಿ ಬಹಳ. 10 ಅಡಿಗೆ 10 ಅಡಿ ಖೋಲಿ, ಒಳಗೆ ಆರು ಜನ, ಶೌಚಾಲಯ ಗಲ್ಲಿಯ ಕೊನೆಯಲ್ಲಿ. ಇಲ್ಲಿ ‘ಮನೆಯಿಂದ ಹೊರಗೆ ಬರಬೇಡಿ’ ಎಂಬುದು ದಿನದ ಮೊದಲ ಗಂಟೆಯಲ್ಲೇ ಮುರಿಯುತ್ತದೆ. 2020ರ ಜುಲೈಯಲ್ಲಿ ಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಮಾಟುಂಗ, ಚೆಂಬೂರು ಪಶ್ಚಿಮ, ದಹಿಸರ್ ವಾರ್ಡುಗಳಲ್ಲಿ 6,936 ಜನರ ರಕ್ತ ಪರೀಕ್ಷೆ ಮಾಡಿದಾಗ ಕೊಳೆಗೇರಿಗಳಲ್ಲಿ ಶೇ. 57, ಉಳಿದ ಕಡೆ ಶೇ. 16 ಜನರಲ್ಲಿ ಪ್ರತಿಕಾಯ, ಅಂದರೆ ಸೋಂಕು ತಗಲಿಹೋದ ಗುರುತು, ಕಂಡುಬಂತು. ಒಂದೇ ವಾರ್ಡಿನೊಳಗೆ ‘ಮನೆ’ ಎಂಬ ಪದಕ್ಕೆ ಎರಡು ಅರ್ಥ ಇದ್ದದ್ದು ಆ ಅಂಕಿಯಲ್ಲೇ ಕಾಣುತ್ತದೆ. ಆದ್ದರಿಂದ ಅಭಿಪ್ರಾಯ ಕೇಳುವ ಮೊದಲೇ ನಾಲ್ಕು ಸಂಗತಿ ಬರೆದುಕೊಳ್ಳಿ: ಮನೆಯಲ್ಲಿ ಎಷ್ಟು ಜನ ಇದ್ದರು, ಎಷ್ಟು ಖೋಲಿ, ಶೌಚಾಲಯ ಒಳಗೋ ಹೊರಗೋ, ಬರುತ್ತಿದ್ದದ್ದು ತಿಂಗಳ ಪಗಾರವೋ ದಿನದ ಕೂಲಿಯೋ. ಇವಿಲ್ಲದ ಅಭಿಪ್ರಾಯ ವಿಳಾಸವಿಲ್ಲದ ಪತ್ರದ ಹಾಗೆ.

ನೆನಪಿನ ಸಮಸ್ಯೆ ದೊಡ್ಡದು. ಎರಡು ಅಲೆಗಳೂ ಕಲಸಿಹೋಗಿವೆ. 2021ರ ಕಷ್ಟವನ್ನು 2020ರದೆಂದು ಹೇಳುವವರೇ ಹೆಚ್ಚು. ತಾರೀಕು ಕೇಳಬೇಡಿ, ಹಬ್ಬ ಕೇಳಿ. ಮೊದಲ ಲಾಕ್‌ಡೌನಿನ ಮೊದಲ ದಿನವೇ ಯುಗಾದಿ, 2020ರ ಮಾರ್ಚ್ 25. ಮರುವರ್ಷ ಏಪ್ರಿಲ್ 13ರ ಯುಗಾದಿಯ ಸಂಜೆ ಮಹಾರಾಷ್ಟ್ರದ ಮುಖ್ಯಮಂತ್ರಿ ಘೋಷಿಸಿ, 14ರ ರಾತ್ರಿ 8ರಿಂದ ರಾಜ್ಯದಲ್ಲಿ ಎರಡನೆಯ ಸಲ ಬಿಗಿಯಾಯಿತು. ಮಹಾರಾಷ್ಟ್ರ ಎಲ್ಲ ನಿರ್ಬಂಧ ತೆಗೆದದ್ದು 2022ರ ಏಪ್ರಿಲ್ 2ಕ್ಕೆ, ಅಂದೂ ಯುಗಾದಿಯೇ. ಮೂರು ಯುಗಾದಿ ಎಂಬ ಈ ಗೂಟಕ್ಕೆ ಕಟ್ಟಿದರೆ ನೆನಪು ಅಲುಗಾಡುವುದಿಲ್ಲ. ತುಳುವರಿಗೆ ಅವರ ಹೊಸ ವರ್ಷವಾದ ಬಿಸು ಹೇಳಿ: ಮೊದಲ 21 ದಿನ ಮುಗಿಯಬೇಕಾಗಿದ್ದದ್ದು, ಆದರೆ ಮುಂದಕ್ಕೆ ಹೋದದ್ದು, ಏಪ್ರಿಲ್ 14ರ ಬಿಸುವಿನಂದು. ನಿಸರ್ಗ ಚಂಡಮಾರುತ 2020ರ ಜೂನ್ 3, ತೌಕ್ತೆ 2021ರ ಮೇ 17. ಗಣಪತಿ ಮೂರ್ತಿಗೆ ಮಂಡಲಗಳಲ್ಲಿ 4 ಅಡಿ, ಮನೆಯಲ್ಲಿ 2 ಅಡಿ ಎಂದು ಮಿತಿ ಹಾಕಿದ್ದೂ ಎಲ್ಲರಿಗೂ ನೆನಪಿದೆ. ಒಂದು ರಟ್ಟಿನ ಮೇಲೆ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ. ‘ಆ ಯುಗಾದಿಗೆ ಮನೆಯಲ್ಲಿ ಏನಿತ್ತು?’ ಎಂದು ಶುರುಮಾಡಿದರೆ ಉಳಿದದ್ದು ತಾನೇ ಬರುತ್ತದೆ.

ಯಾರನ್ನು ಕೇಳಬೇಕು ಎಂಬಲ್ಲಿ ಹೆಚ್ಚಿನ ಸಮೀಕ್ಷೆಗಳು ಬೀಳುತ್ತವೆ. ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಸಾವಿರ ಉತ್ತರ ಬರಬಹುದು, ಅದರಿಂದ ಗೊತ್ತಾಗುವುದು ಆ ಗುಂಪಿನಲ್ಲಿ ಉತ್ತರಿಸುವ ಚಾಳಿಯಿರುವವರ ಮನಸ್ಸು ಮಾತ್ರ. ಅದಕ್ಕಿಂತ ಚೀಟಿ ಎತ್ತಿ ಆರಿಸಿದ 100 ಜನ ಮೇಲು. 100ಕ್ಕೆ ತಪ್ಪಿನ ಅಂತರ (ಬಂದ ಅಂಕಿಯಿಂದ ನಿಜ ಅಂಕಿ ಎಷ್ಟು ದೂರ ಇರಬಹುದು ಎಂಬ ಲೆಕ್ಕ) ಸುಮಾರು ಶೇ. 10 ಆಚೀಚೆ, 400ಕ್ಕೆ ಶೇ. 5. ಅಂತರ ಅರ್ಧವಾಗಬೇಕಾದರೆ ಜನ ನಾಲ್ಕು ಪಟ್ಟು ಬೇಕು. 400 ಜನರನ್ನು ಕೇಳಿ ಹೋಟೆಲಿನವರು, ನಾಕಾದವರು, ಆಫೀಸಿನವರು, ಮನೆಯಲ್ಲಿರುವವರು ಎಂದು ನಾಲ್ಕು ಭಾಗ ಮಾಡಿದರೆ ಪ್ರತಿ ಭಾಗದ ಅಂತರ ಮತ್ತೆ ಶೇ. 10ಕ್ಕೇ ಬಂದು ನಿಲ್ಲುತ್ತದೆ.

80 ಖೋಲಿಯ ಚಾಳಿನಲ್ಲಿ 10 ಮನೆ ಬೇಕೆಂದರೆ 1ರಿಂದ 8ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ ಎಂಟನೆಯ ಖೋಲಿಗೆ ಹೋಗಿ. ಬೀಗ ಇದ್ದರೆ ಪಕ್ಕದ ಬಾಗಿಲು ತಟ್ಟಬೇಡಿ. ಹಗಲು ಮನೆಯಲ್ಲಿ ಸಿಗುವವರು ಹಿರಿಯರು, ದುಡಿಯಲು ಹೋದವರ ಮಾತು ಹಾಗೆ ತಪ್ಪಿಹೋಗುತ್ತದೆ. ರಾತ್ರಿ 9ರ ಮೇಲೆ ಒಮ್ಮೆ, ಭಾನುವಾರ ಒಮ್ಮೆ ಮತ್ತೆ ಹೋಗಿ. ಮನೆಯೊಳಗೂ ಬಾಗಿಲು ತೆಗೆದವರನ್ನೇ ಹಿಡಿದು ಕೂರಿಸಬೇಡಿ. ದೊಡ್ಡವರ ಹೆಸರೆಲ್ಲ ಬರೆದು ಒಂದು ಚೀಟಿ ಎತ್ತಿ. ಸೊಸೆಯ ಹೆಸರು ಬಂದರೆ ಸೊಸೆಯೇ ಉತ್ತರಿಸಬೇಕು, ಅತ್ತೆ ಪಕ್ಕದಲ್ಲಿ ಕೂತು ಅಲ್ಲ.

ಹೋಟೆಲಿನಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಕೂತು ತಿನ್ನಲು ಬಿಟ್ಟದ್ದು 2020ರ ಅಕ್ಟೋಬರ್ 5ರಿಂದ, ಅರ್ಧ ಕುರ್ಚಿಗೆ ಮಾತ್ರ. ಬಾಡಿಗೆ ಪೂರ್ತಿ, ಅಡುಗೆ ಭಟ್ಟರ ಸಂಬಳ ಪೂರ್ತಿ, ಗಿರಾಕಿ ಅರ್ಧ. ಮಾಲಕರಿಗೆ ಅದು ಲೆಕ್ಕದ ಪ್ರಶ್ನೆ. ಅಲ್ಲೇ ಅಟ್ಟದ ಮೇಲೆ ಮಲಗುವ ಹುಡುಗನಿಗೆ ಹೋಟೆಲ್ ಮುಚ್ಚಿದರೆ ಸಂಬಳದ ಜತೆ ಊಟವೂ ಸೂರೂ ಹೋಗುತ್ತವೆ. ಅವನನ್ನು ಗಲ್ಲೆಯ ಹತ್ತಿರ ನಿಲ್ಲಿಸಿ ಕೇಳಿದರೆ ಶೇಟ್ರು ಹೇಳಿದ್ದನ್ನೇ ಹೇಳುತ್ತಾನೆ. ಮಧ್ಯಾಹ್ನ ಮೂರೂವರೆಗೆ, ಗಿರಾಕಿ ಕಡಿಮೆಯಾದಾಗ, ಹೊರಗೆ ಕರೆದು ಕೇಳಿ.

ನಿಯಮ ಮುರಿದಿದ್ದೀರಾ ಎಂದು ನೇರ ಕೇಳಿದರೆ ಯಾರೂ ನಿಜ ಹೇಳರು, ದಂಡ ಕಟ್ಟಿದ ಹೆದರಿಕೆ ಇನ್ನೂ ಇದೆ. ಅದಕ್ಕೆ ನಾಣ್ಯದ ಉಪಾಯ ಇದೆ. ಉತ್ತರಿಸುವವರು ನಿಮಗೆ ಕಾಣದಂತೆ ನಾಣ್ಯ ಚಿಮ್ಮಲಿ. ರಾಜ ಬಿದ್ದರೆ ಏನಿದ್ದರೂ ‘ಹೌದು’ ಅನ್ನಬೇಕು, ರಾಣಿ ಬಿದ್ದರೆ ನಿಜ ಹೇಳಬೇಕು. 200 ಜನರಲ್ಲಿ 130 ಹೌದು ಬಂತೆನ್ನಿ. ಸುಮಾರು 100 ನಾಣ್ಯದ್ದು, ಉಳಿದ 30 ಹೌದು ನಿಜ ಹೇಳಿದ 100 ಜನರದು, ಅಂದರೆ ಶೇ. 30. ಯಾವೊಬ್ಬನ ಗುಟ್ಟೂ ನಿಮಗೆ ತಿಳಿಯುವುದಿಲ್ಲ. ಇದಕ್ಕೆ ಬೆಲೆಯೂ ಇದೆ: ತಪ್ಪಿನ ಅಂತರ ನೇರ ಪ್ರಶ್ನೆಯ ಎರಡು ಪಟ್ಟು, ಈ ಲೆಕ್ಕದಲ್ಲಿ ಶೇ. 13 ಆಚೀಚೆ. 50 ಜನರ ಮೇಲೆ ಇದನ್ನು ಮಾಡಿದರೆ ಏನೂ ಸಿಗುವುದಿಲ್ಲ. ಹಿರಿಯರಿಗೆ ಮೊದಲು ‘ನಿನ್ನೆ ಚಹಾ ಕುಡಿದಿರಾ’ ಎಂಬಂಥ ಪ್ರಶ್ನೆಯಲ್ಲಿ ಆಡಿಸಿ ತೋರಿಸಿ, ಇಲ್ಲದಿದ್ದರೆ ರಾಜ ಬಿದ್ದರೂ ಇಲ್ಲ ಅಂದುಬಿಡುತ್ತಾರೆ.

ಅಚ್ಚು ಹಾಕುವಾಗ ಪ್ರತಿ ಅಂಕಿಯ ಪಕ್ಕದಲ್ಲಿ ಕೇಳಿದ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಹಾಕಿ. ‘ಗೊತ್ತಿಲ್ಲ’ ಅಂದವರನ್ನು ಬಿಟ್ಟು ಶೇಕಡಾ ತೆಗೆಯಬೇಡಿ. ಸಿಗದ ಮನೆಗಳೆಷ್ಟು, ಊರಿಗೆ ಹೋಗಿ ಮತ್ತೆ ಬಾರದವರೆಷ್ಟು ಎಂಬುದನ್ನೂ ಬರೆಯಿರಿ. ಬಾರದವರು ಬಹುಶಃ ಎಲ್ಲರಿಗಿಂತ ಗಟ್ಟಿ ಅಭಿಪ್ರಾಯ ಇದ್ದವರು, ಸಾಧ್ಯವಾದರೆ ಚಾಳಿನ ಹಳೆಯ ನೆರೆಯವರಿಂದ ನಂಬರ್ ಪಡೆದು ಊರಿಗೇ ಫೋನ್ ಮಾಡಿ.

ಕೊನೆಯ ಪ್ರಶ್ನೆಯನ್ನು ತೆರೆದಿಡಿ: ಇನ್ನೊಮ್ಮೆ ಇಂಥದ್ದು ಬಂದರೆ ಯಾವುದನ್ನು ಮಾತ್ರ ಮುಚ್ಚಬಾರದು? ಬಂದ ಉತ್ತರವನ್ನು ತಿದ್ದಬೇಡಿ. ‘ಊರಿಗಿ ಹೋಗಾಕ ಬಿಡ್ಬೇಕ್ರಿ’ ಅಂದದ್ದನ್ನು ‘ಅಂತರರಾಜ್ಯ ಪ್ರಯಾಣದ ನಿರ್ಬಂಧಕ್ಕೆ ವಿರೋಧ’ ಎಂದು ಬರೆದುಕೊಂಡರೆ, ಅವರು ಹೇಳಿದ್ದು ಮುಂಬಯಿ ಬಿಡುವ ರೈಲಿನ ಬಗ್ಗೆಯೋ ಗಡಿಯ ಚೆಕ್‌ಪೋಸ್ಟಿನ ಬಗ್ಗೆಯೋ ಎಂದು ಮತ್ತೆ ಕೇಳುವುದೇ ನೆನಪಾಗುವುದಿಲ್ಲ.